ಬಸ್ ಬಂದಿಲ್ಲವೋ, ಬರಲಿಲ್ಲವೋ?

ಕೆಂಚಾರ್ಲಹಳ್ಳಿಯಲ್ಲಿ ಚಿಂತಾಮಣಿ ಬಸ್ಸಿಗೆ ಕಾಯ್ತಾ ನಿಂತಿದ್ದೀವಿ ಅಂದ್ಕೊಳ್ಳಿ. ‘ಬಸ್ ಬಂದಿಲ್ಲ’ ಅಂದರೆ ಇನ್ನೂ ಬರಬಹುದು, ಕಾಯ್ತೀವಿ. ‘ಬಸ್ ಬರಲಿಲ್ಲ’ ಅಂದರೆ ಕಥೆ ಮುಗೀತು, ಆಟೋ ಹಿಡಿದು ಹೊರಟಾಯ್ತು. ಇಂಗ್ಲಿಷಿನ ‘ಹ್ಯಾಸ್ ನಾಟ್ ಕಮ್’, ‘ಡಿಡ್ ನಾಟ್ ಕಮ್’ ಕೂಡ ಇಷ್ಟೇ. ಪರ್ಫೆಕ್ಟ್ ಟೆನ್ಸ್ ಅಂದರೆ ಹೆದರುವ ನಾವು ಅದನ್ನು ದಿನಾ ಕನ್ನಡದಲ್ಲಿ ಬಳಸ್ತಾನೇ ಇದ್ದೀವಿ!

ಆದರೆ ನಮ್ಮ ಚಿಂತಾಮಣಿ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ತೆಲುಗಿನಲ್ಲಿ ಎರಡಕ್ಕೂ ‘ರಾಲೇದು’ ಒಂದೇ ಸಾಕು. ಹಾಗಾಗಿ ಅನುಮಾನ ಬಂದಾಗ ವಾಕ್ಯವನ್ನು ಕನ್ನಡದಲ್ಲಿ ‘ಇಲ್ಲ’ ಹಾಕಿ ಹೇಳಿ ನೋಡೋದು ಒಳ್ಳೇದು.

ಈ ‘ಇಲ್ಲ’ ಇನ್ನೊಂದು ತಪ್ಪನ್ನೂ ಹಿಡಿಯುತ್ತೆ. ‘ಐ ಡಿಡ್ ನಾಟ್ ವೆಂಟ್’ ಅಂತ ನಮ್ಮಲ್ಲಿ ಬಹಳ ಜನ ಹೇಳ್ತಾರೆ. ‘ಹೋದೆ’ ಅನ್ನೋದಕ್ಕೆ ‘ಹೋದಲಿಲ್ಲ’ ಅಂತೀವಾ? ‘ಹೋಗಲಿಲ್ಲ’ ಅಂತೀವಿ, ಕ್ರಿಯಾಪದ ಮೂಲರೂಪಕ್ಕೆ ವಾಪಸ್ ಹೋಗುತ್ತೆ. ‘ಡಿಡ್’ ಬಂದಮೇಲೆ ‘ವೆಂಟ್’ ಕೂಡ ‘ಗೋ’ ಆಗಬೇಕು. ಪ್ರಶ್ನೆಯಲ್ಲಿ ಮಾತ್ರ ಕನ್ನಡ ಕೈಕೊಡುತ್ತೆ: ‘ಹೋದೆಯಾ?’ ಅಂತ ಕೇಳಿ ಅಭ್ಯಾಸ, ಅದಕ್ಕೇ ‘ಡಿಡ್ ಯು ವೆಂಟ್?’ ಅಂತ ಬಾಯಿಗೆ ಬರೋದು.

ಇಂಟರ್ವ್ಯೂನಲ್ಲಿ ನಾವು ಹೆಚ್ಚು ಎಡವೋದು ಇಲ್ಲಿ. ‘2022ರಲ್ಲಿ ಡಿಪ್ಲೊಮಾ ಮುಗಿಸಿದ್ದೀನಿ’ ಕನ್ನಡದಲ್ಲಿ ಸರಿ. ಅದನ್ನೇ ‘ಐ ಹ್ಯಾವ್ ಕಂಪ್ಲೀಟೆಡ್ ಡಿಪ್ಲೊಮಾ ಇನ್ 2022’ ಅಂದರೆ ತಪ್ಪು. ಮುಗಿದ ಇಸವಿ, ನಿನ್ನೆ, ಹೋದ ವಾರ ಬಂತೋ, ‘ಹ್ಯಾವ್’ ಬಿಡಿ: ‘ಐ ಕಂಪ್ಲೀಟೆಡ್’. ಇಸವಿ ಹೇಳದಿದ್ದರೆ ‘ಹ್ಯಾವ್ ಕಂಪ್ಲೀಟೆಡ್’ ಸರಿ.

‘ಆರು ತಿಂಗಳಿಂದ ಈ ಪ್ರಾಜೆಕ್ಟ್ ಮಾಡ್ತಾ ಇದ್ದೀನಿ’ ಅನ್ನೋದು ಇನ್ನೂ ಅಪಾಯ. ನಮ್ಮ ‘ಇಂದ’ ಒಂದೇ ‘ಸಿನ್ಸ್’, ‘ಫಾರ್’ ಎರಡರ ಕೆಲಸವನ್ನೂ ಮಾಡುತ್ತೆ. ಹಾಗಾಗಿ ‘ಐ ಆಮ್ ಡೂಯಿಂಗ್ ಸಿನ್ಸ್ ಸಿಕ್ಸ್ ಮಂತ್ಸ್’ ಅಂತೀವಿ. ಬೇಕಾದದ್ದು ‘ಐ ಹ್ಯಾವ್ ಬೀನ್ ಡೂಯಿಂಗ್ ಇಟ್ ಫಾರ್ ಸಿಕ್ಸ್ ಮಂತ್ಸ್’. ಶುರುವಾದ ತಿಂಗಳು ಹೇಳೋದಾದರೆ ‘ಸಿನ್ಸ್ ಜನವರಿ’. ಭಯಕ್ಕೆ ‘ಐ ಡಿಡ್ ಇಟ್ ಫಾರ್ ಸಿಕ್ಸ್ ಮಂತ್ಸ್’ ಅಂದುಬಿಟ್ಟರೆ ವ್ಯಾಕರಣ ಸರಿ, ಆದರೆ ಎದುರು ಕೂತವರಿಗೆ ಕೆಲಸ ಮುಗಿದಿದೆ ಅಂತ ಕೇಳಿಸುತ್ತೆ. ಮುಂದಿನ ಪ್ರಶ್ನೆ, ‘ರಿಪೋರ್ಟ್ ಎಲ್ಲಿ?’

ಈಗ ಇದನ್ನು ತಿದ್ದಿ, ಎರಡು ತಪ್ಪಿವೆ: ‘ಐ ಹ್ಯಾವ್ ಜಾಯಿನ್ಡ್ ದಿಸ್ ಕಾಲೇಜ್ ಲಾಸ್ಟ್ ಇಯರ್, ಬಟ್ ಐ ಡಿಡ್ ನಾಟ್ ಗಾಟ್ ಎ ಹಾಸ್ಟೆಲ್ ರೂಮ್.’