ಮರೆವಿಗೆ ನಡಿಗೆ ಮದ್ದೇ?

ಪ್ರಶ್ನೆ: ವಯಸ್ಸು 64, ಬಿಪಿ ಇದೆ. ತೋಟ ಮಗನಿಗೆ ಒಪ್ಪಿಸಿದ ಮೇಲೆ ಓಡಾಟ ನಿಂತಿದೆ. ಪರಿಚಿತರ ಹೆಸರೇ ಮರೆಯುತ್ತದೆ. ವ್ಯಾಯಾಮದಿಂದ ಪ್ರಯೋಜನ ಉಂಟೇ?
– ಓದುಗರು, ಅಮ್ಮತ್ತಿ

ಉತ್ತರ: ಉಂಟು. 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ವಾರಕ್ಕೆ ಮೂರು ದಿನ 40 ನಿಮಿಷ ನಡೆದ ಹಿರಿಯರ ಹಿಪೊಕ್ಯಾಂಪಸ್ (ನೆನಪಿಗೆ ಮುಖ್ಯವಾದ ಮಿದುಳಿನ ಭಾಗ) ವರ್ಷದಲ್ಲಿ ಶೇ 2ರಷ್ಟು ಹಿಗ್ಗಿತ್ತು.

ಮೊದಲು ಬಿಪಿ ಪರೀಕ್ಷಿಸಿಕೊಳ್ಳಿ, ಮಾತ್ರೆ ತಪ್ಪಿಸಬೇಡಿ. ದಿನಕ್ಕೆ 10 ನಿಮಿಷದಿಂದ ಆರಂಭಿಸಿ, ವಾರಕ್ಕೆ ಐದು ದಿನ 30 ನಿಮಿಷದ ಬಿರುಸು ನಡಿಗೆಗೆ ಏರಿಸಿ. ಮಳೆಗಾಲದಲ್ಲಿ ಜಗಲಿಯಲ್ಲೇ ನಡೆಯಿರಿ. ಆನೆ ಓಡಾಡುವ ನಸುಕಿನಲ್ಲಿ ತೋಟದ ದಾರಿ ಬೇಡ. ಎದೆನೋವು ಬಂದರೆ ನಿಲ್ಲಿಸಿ, ಕೂಡಲೇ ಆಸ್ಪತ್ರೆಗೆ ಹೋಗಿ.

ಗೊತ್ತಿರುವ ದಾರಿ ತಪ್ಪಿದರೆ, ಕೇಳಿದ್ದನ್ನೇ ಕೇಳುತ್ತಿದ್ದರೆ, ಹಣದ ಲೆಕ್ಕ ಗೊಂದಲವಾದರೆ ನರರೋಗ ತಜ್ಞರನ್ನು ಕಾಣಿ. ಬಿ12, ಥೈರಾಯ್ಡ್ ಪರೀಕ್ಷೆಯೂ ಆಗಲಿ. ಹಠಾತ್ತನೆ ಮಾತು ತೊದಲಿದರೆ ಅಥವಾ ಕೈ ಸೋತರೆ ತಡಮಾಡದೆ 108ಕ್ಕೆ ಕರೆಮಾಡಿ.