ಬೆವರಿಗೆ ಬಣ್ಣವೇಕೆ?

ಬೆವರಿಗೆ ಬಣ್ಣವಿಲ್ಲವೆಂಬುದು ಎಲ್ಲರ ಅನುಭವ. ನೀರು, ಅದರಲ್ಲಿ ಕರಗಿದ ಉಪ್ಪು, ಅತ್ಯಲ್ಪ ಪ್ರಮಾಣದ ಯೂರಿಯಾ ಮತ್ತು ಲ್ಯಾಕ್ಟಿಕ್ ಆಮ್ಲ, ಇಷ್ಟರಲ್ಲಿ ಬಣ್ಣ ಕೊಡತಕ್ಕ ವಸ್ತು ಯಾವುದೂ ಇಲ್ಲ. ಆದುದರಿಂದ ಹುಡುಗನೊಬ್ಬನ ಅಂಗಿಯ ಕಂಕುಳಲ್ಲಿ ನೀಲಿ ಕಲೆಯೋ ಹುಡುಗಿಯೊಬ್ಬಳ ಹಣೆಯ ಮೇಲೆ ಕೆಂಪು ಹನಿಯೋ ಕಂಡರೆ ಮನೆಯವರು ದಿಗಿಲುಗೊಳ್ಳುವುದು ಸಹಜ. ದೃಷ್ಟಿ ತಗುಲಿತು, ಗಾಳಿ ಸೋಕಿತು ಎಂಬ ಮಾತುಗಳೂ ಹುಟ್ಟಿಕೊಳ್ಳುತ್ತವೆ. ಈ ದಿಗಿಲಿನಲ್ಲಿ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಮರೆತುಹೋಗುತ್ತದೆ: ಬಣ್ಣವು ಬೆವರಿನ ಒಳಗಿನದೋ, ಚರ್ಮದ ಮೇಲಿನದೋ?

ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡಗಳ ಕಡೆ ಈ ಪ್ರಶ್ನೆಯನ್ನು ಬಿಡುವಂತೆಯೇ ಇಲ್ಲ. ಎರೆಭೂಮಿಯ ಬೇಸಿಗೆಯಲ್ಲಿ ಬೆವರದ ಮೈಯಿಲ್ಲ. ಗಜೇಂದ್ರಗಡವು ನೇಕಾರರ ಊರು. ಪಟ್ಟೇದ ಅಂಚಿನ ಸೀರೆಗಾಗಿ ಬಣ್ಣದ ನೂಲು ಅಲ್ಲಿ ಮನೆಮನೆಯಲ್ಲಿ ಕೈಯಾಡುತ್ತದೆ. ಹೋಳಿಯ ಓಕುಳಿ ಬೇರೆ ಇದೆ. ಬಣ್ಣ ಗಟ್ಟಿಯಾಗಿ ಹಿಡಿಯದ ಬಟ್ಟೆಯಿಂದ ಬೆವರು ಬಣ್ಣವನ್ನು ಸೆಳೆಯುತ್ತದೆ, ಏಕೆಂದರೆ ಬೆವರು ಬರಿಯ ನೀರಲ್ಲ, ಉಪ್ಪು ಕೂಡಿದ ತುಸು ಆಮ್ಲೀಯ ದ್ರವ. ಬಟ್ಟೆಯ ಬಣ್ಣವನ್ನು ಪರೀಕ್ಷಿಸುವ ಪ್ರಯೋಗಶಾಲೆಗಳಲ್ಲಿ ಕೃತಕ ಬೆವರನ್ನು ತಯಾರಿಸಿ ಅದರಲ್ಲಿ ಬಟ್ಟೆಯನ್ನು ನೆನೆಸಿ ನೋಡುವ ಪದ್ಧತಿಯೇ ಉಂಟು. ತಾಮ್ರದ ಕೆಲಸ ಮಾಡುವವರ ಬೆವರು ಹಸಿರು-ನೀಲಿಯಾಗಿ ಕಾಣುವುದನ್ನೂ ವೈದ್ಯರು ಬಹುಕಾಲದಿಂದ ಬಲ್ಲರು.

ಪರೀಕ್ಷೆ ಸರಳವಾದುದು. ಕಲೆಯಾಗುವ ಭಾಗವನ್ನು ಸಾಬೂನಿನಿಂದ ತೊಳೆದು, ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸಬೇಕು. ಬಳಿಕ ಮಗುವಿಗೆ ಒಗೆದ ಬಿಳಿಯ ಹತ್ತಿಯ ಬನಿಯನ್ನು ತೊಡಿಸಿ ಬೆವರುವಂತೆ ಆಡಲು ಬಿಡಬೇಕು. ಬನಿಯನ್ನು ಬಿಳಿಯಾಗಿಯೇ ಉಳಿದರೆ ಬಣ್ಣ ಹೊರಗಿನದಾಗಿತ್ತೆಂದು ತಿಳಿಯಬಹುದು. ಮಕ್ಕಳ ಕುತ್ತಿಗೆಯ ಮೇಲೆ ಸಾಬೂನಿಗೆ ಹೋಗದ ಕಂದು ಕೊಳೆಯಂಥ ಮಚ್ಚೆ ಕಾಣಿಸಿ, ಸ್ಪಿರಿಟ್ಟಿಗೆ ಮಾತ್ರ ಬಿಟ್ಟುಬರುವುದುಂಟು. ಅದು ಒಣಗಿದ ಚರ್ಮಪದರದ ಶೇಖರಣೆಯೇ ಹೊರತು ಬೆವರಲ್ಲ.

ಬಣ್ಣ ಮತ್ತೆ ಬಂದರೆ ಏಕಾಣುಜೀವಿಗಳನ್ನು ಸಂಶಯಿಸಬೇಕು. ಕಂಕುಳ ಕೂದಲಿಗೆ ಅಂಟಿ ಬೆಳೆಯುವ ಕೊರೀನೆಬ್ಯಾಕ್ಟೀರಿಯಂ ಎಂಬ ಜೀವಿಗಳು ಹಳದಿ, ಕೆಂಪು ಅಥವಾ ಕಪ್ಪು ಬಣ್ಣ ಕೊಡುತ್ತವೆ. ಕೂದಲನ್ನು ತೆಗೆದು, ವೈದ್ಯರು ಹೇಳಿದ ಲೇಪವನ್ನು ಹಚ್ಚಿದರೆ ಸಾಕು. 1958ರಲ್ಲಿ ಅಮೆರಿಕದಲ್ಲಿ ಕೂಸೊಂದರ ಚೌಕದ ಬಟ್ಟೆ ಕೆಂಪಾಗುತ್ತಿದ್ದುದಕ್ಕೆ ಸೆರಾಟಿಯಾ ಎಂಬ ಏಕಾಣುಜೀವಿ ಕಾರಣವೆಂದು ತಿಳಿದುಬಂತು. ಬಟ್ಟೆ ತೊಯ್ದಾಗ ಕೆಂಪಿರಲಿಲ್ಲ. ಹಾಗೆಯೇ ಬಿಟ್ಟ ಮೇಲೆ ಕೆಂಪಾಗುತ್ತಿತ್ತು. ರಕ್ತವಾಗಿದ್ದರೆ ಮೊದಲ ಗಳಿಗೆಯಲ್ಲೇ ಕೆಂಪಿರಬೇಕಷ್ಟೆ!

ಇನ್ನು ಒಳಗಿನಿಂದ ಬರುವ ಬಣ್ಣ. ಇಲ್ಲಿ ಮಗು ಯಾವ ಔಷಧ ಸೇವಿಸುತ್ತಿದೆ ಎಂಬ ಪ್ರಶ್ನೆಯೇ ಎಲ್ಲಕ್ಕೂ ದೊಡ್ಡದು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಸ್ವತಃ ಇಟ್ಟಿಗೆಗೆಂಪಿನ ಪುಡಿ. ಅದನ್ನು ನುಂಗಿದ ಕೆಲವೇ ಗಂಟೆಗಳಲ್ಲಿ ಮೂತ್ರ, ಕಣ್ಣೀರು, ಎಂಜಲು, ಬೆವರು ಎಲ್ಲವೂ ಕಿತ್ತಳೆ ಬಣ್ಣಕ್ಕೆ ತಿರುಗಬಹುದು. ಇದು ನಿರಪಾಯಕರ, ಔಷಧ ನಿಂತ ಮೇಲೆ ತಾನಾಗಿ ಹೋಗುತ್ತದೆ. ಮುಂಚಿತವಾಗಿ ಹೇಳದಿದ್ದರೆ ಮಾತ್ರ ಅಪಾಯ ಬೇರೆ ದಾರಿಯಿಂದ ಬರುತ್ತದೆ. ಮಗುವಿನ ಅಂಗಿ ಕೆಂಪಾಯಿತೆಂದು ಹೆದರಿ ತಾಯಿ ಗುಳಿಗೆ ನಿಲ್ಲಿಸಿದರೆ, ಸಾಮಾನ್ಯವಾಗಿ ಆರು ತಿಂಗಳು ನಡೆಯಬೇಕಾದ ಚಿಕಿತ್ಸೆ ಅರ್ಧಕ್ಕೆ ಮುರಿಯುತ್ತದೆ. ಸಾಯದೆ ಉಳಿದ ರೋಗಾಣುಗಳು ಔಷಧಕ್ಕೆ ಬಗ್ಗದಂತಾಗುವ ಸಂಭವವಿದೆ. ಬಣ್ಣದ ಬೆವರಿನಿಂದ ಮಕ್ಕಳಿಗೆ ಆಗಬಹುದಾದ ಅತಿ ದೊಡ್ಡ ಕೇಡು ಇದೇ ಎಂದು ನಮಗೆ ತೋರುತ್ತದೆ, ಅದೂ ರೋಗದಿಂದಲ್ಲ, ಅಂಜಿಕೆಯಿಂದ.

ಆದರೆ ಒಂದು ಎಚ್ಚರ ಬೇಕು. ಇವೇ ಔಷಧಗಳು ಕೆಲವೊಮ್ಮೆ ಯಕೃತ್ತನ್ನು ಕೆಡಿಸಿ ಕಾಮಾಲೆಯನ್ನುಂಟುಮಾಡುತ್ತವೆ. ಕಣ್ಣಿನ ಬಿಳಿಯ ಭಾಗ ಹಳದಿಯಾಗಿ, ಊಟ ಸೇರದೆ ವಾಂತಿಯಾಗುತ್ತಿದ್ದರೆ ಅದು ಔಷಧದ ಬಣ್ಣವಲ್ಲ. ಅಂದೇ ವೈದ್ಯರನ್ನು ಕಾಣಬೇಕು. ಚರ್ಮವೆಲ್ಲ ಕಿತ್ತಳೆಯಾಗಿ ಕಣ್ಣಿನ ಸುತ್ತ ಊದಿಕೊಂಡರೆ ಪ್ರಮಾಣ ಮೀರಿತೆಂದು ಸಂಶಯಿಸಬೇಕು. ಕುಷ್ಠರೋಗದ ಬಹುಔಷಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಶಿಫಾರಸು ಮಾಡಿತು. ಅದರಲ್ಲಿ ಸೇರಿದ ಕ್ಲೋಫಾಜಿಮಿನ್ ಕೂಡ ಬೆವರನ್ನು ಕೆಂಪಾಗಿಸುತ್ತದೆ, ಚರ್ಮವನ್ನು ಕಂದಾಗಿಸುತ್ತದೆ. ಈ ಬಣ್ಣ ಹೋಗಲು ಔಷಧ ಮುಗಿದ ಮೇಲೆ ಅನೇಕ ತಿಂಗಳುಗಳೇ ಹಿಡಿಯಬಹುದು.

ರಕ್ತಸ್ವೇದವೆಂಬುದು ತೀರ ಅಪರೂಪ. ಗಾಯವಿಲ್ಲದ ಚರ್ಮದಿಂದ ರಕ್ತ ಮಿಶ್ರಿತ ದ್ರವ ಒಸರುತ್ತದೆ. ಭಾರತದಿಂದಲೂ ಇಂಥ ಮಕ್ಕಳ ವರದಿಗಳು ಬಂದಿವೆ. ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಕೆಂಪು ರಕ್ತಕಣಗಳಿವೆಯೇ ಎಂದು ನಿಶ್ಚಯಿಸಬೇಕು. ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೂ ಅಳೆಯಬೇಕು. ತೀವ್ರವಾದ ಅಂಜಿಕೆ, ಮನಸ್ಸಿನ ಒತ್ತಡಗಳು ಅನೇಕರಲ್ಲಿ ಜೊತೆಗಿರುವುದರಿಂದ ಮಗುವಿನೊಡನೆ ಸಮಾಧಾನವಾಗಿ ಮಾತನಾಡುವುದೂ ಚಿಕಿತ್ಸೆಯ ಭಾಗವೇ. ಪ್ರೊಪ್ರನೊಲಾಲ್ ಎಂಬ ಔಷಧದಿಂದ ಕೆಲವರಿಗೆ ಗುಣ ಕಂಡಿದೆ.

ಈಗ ನಿಜವಾದ ವರ್ಣಸ್ವೇದ. ನಮ್ಮ ಚರ್ಮದಲ್ಲಿ ಎರಡು ಬಗೆಯ ಸ್ವೇದಗ್ರಂಥಿಗಳಿವೆ. ಮೈಯನ್ನು ತಂಪಾಗಿಡುವ ಏಕ್ರೈನ್ ಗ್ರಂಥಿಗಳು ಹುಟ್ಟಿನಿಂದಲೇ ಕೆಲಸ ಮಾಡುತ್ತವೆ. ಕಂಕುಳು, ತೊಡೆಯ ಸಂದು, ಮೊಲೆಯ ತೊಟ್ಟಿನ ಸುತ್ತ ಮತ್ತು ಕೆಲವರ ಮುಖದ ಮೇಲೆ ಇರುವ ಅಪೋಕ್ರೈನ್ ಗ್ರಂಥಿಗಳು ಪ್ರಾಯ ಬಂದ ಮೇಲೆ ಎಚ್ಚರಗೊಳ್ಳುತ್ತವೆ. ವರ್ಣಸ್ವೇದವು ಹೆಚ್ಚಾಗಿ ಈ ಎರಡನೆಯ ಬಗೆಯ ಗ್ರಂಥಿಗಳದು. ಆದುದರಿಂದ ಆರೇಳು ವರ್ಷದ ಮಗುವಿನಲ್ಲಿ ಬಣ್ಣ ಕಂಡರೆ ಬೇರೆ ಕಾರಣವನ್ನು ಮೊದಲು ಹುಡುಕುವುದು ಯುಕ್ತ. ಯಂಗ್ ಎಂಬಾತ 1709ರಲ್ಲೇ ಈ ಸ್ಥಿತಿಯನ್ನು ವರ್ಣಿಸಿದ್ದನು. ಆದರೂ ಬಣ್ಣದ ಮೂಲ ಲಿಪೋಫಸ್ಸಿನ್ ಎಂಬ ವಸ್ತುವೆಂದು ತೋರಿಸಿದವರು 1954ರಲ್ಲಿ ಅಮೆರಿಕದ ಶೆಲ್ಲಿ ಮತ್ತು ಹರ್ಲಿ. ಅದು ಆಮ್ಲಜನಕದೊಡನೆ ಎಷ್ಟರಮಟ್ಟಿಗೆ ಕೂಡಿದೆಯೆಂಬುದರ ಮೇಲೆ ಬೆವರು ಹಳದಿ, ಹಸಿರು, ನೀಲಿ ಅಥವಾ ಕಪ್ಪಾಗುತ್ತದೆ. ನೂರಕ್ಕೆ ಸುಮಾರು ಹತ್ತು ಜನರ ಅಪೋಕ್ರೈನ್ ಬೆವರಿನಲ್ಲಿ ಸ್ವಲ್ಪ ಬಣ್ಣ ಇದ್ದೇ ಇರುತ್ತದೆಂದು ಅವರು ಕಂಡುಕೊಂಡರು. ಯಾರೂ ಗಮನಿಸುವುದಿಲ್ಲ ಅಷ್ಟೆ. ಕತ್ತಲೆಯ ಕೋಣೆಯಲ್ಲಿ ನೇರಳಾತೀತ ಕಿರಣಗಳನ್ನು ಬಿಟ್ಟರೆ ಇಂಥ ಬೆವರು ಅನೇಕ ಸಲ ಹಳದಿಯಾಗಿ ಹೊಳೆಯುತ್ತದೆ.

ಚಿಕಿತ್ಸೆಯಲ್ಲಿ ಒಂದು ಸೋಜಿಗವಿದೆ. ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ಎಂಬ ವಸ್ತುವಿನ ಲೇಪದಿಂದ ಬಣ್ಣ ಕಡಿಮೆಯಾಗುತ್ತದೆಂದು 1989ರಲ್ಲಿ ವರದಿಯಾಯಿತು. ನರಗಳ ತುದಿಯಲ್ಲಿರುವ ರಾಸಾಯನಿಕವೊಂದನ್ನು ಅದು ಬರಿದುಮಾಡುತ್ತದೆ. ಗ್ರಂಥಿಗೆ ಹೋಗುವ ಪ್ರಚೋದನೆ ಕುಗ್ಗುತ್ತದೆ. ಗದಗದ ಸೀಮೆಯವರಿಗೆ ಬ್ಯಾಡಗಿ ಮೆಣಸಿನಕಾಯಿ ಮನೆಯ ವಸ್ತುವಾದುದರಿಂದ ಹೇಳಲೇಬೇಕು: ಖಾರಪುಡಿಯನ್ನು ಚರ್ಮಕ್ಕೆ ತಿಕ್ಕಬಾರದು, ಉರಿ ಮತ್ತು ಗುಳ್ಳೆಗಳಾಗುತ್ತವೆ. ಔಷಧದ ಲೇಪದಲ್ಲಿ ಕ್ಯಾಪ್ಸೈಸಿನ್ ಇರುವುದು ಸಾಮಾನ್ಯವಾಗಿ ಶೇಕಡಾ 0.025ರಷ್ಟು ಮಾತ್ರ. ಲೇಪ ನಿಲ್ಲಿಸಿದರೆ ಬಣ್ಣ ಮರಳುವುದುಂಟು. ಬೊಟುಲಿನಂ ವಿಷದ ಸೂಜಿಮದ್ದಿನ ಪರಿಣಾಮವೂ ಕೆಲವು ತಿಂಗಳ ಮಟ್ಟಿಗೆ. ವಯಸ್ಸು ಹೆಚ್ಚಿದಂತೆ ಗ್ರಂಥಿಗಳು ತಾವೇ ಕುಗ್ಗಿ ಬಣ್ಣವು ನಿಧಾನವಾಗಿ ಮಂಕಾಗುತ್ತದೆ.