ಊರಿನ ಮಾತು

ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ ತಾಲ್ಲೂಕಿನಲ್ಲಿ ಸಾದಲಿ ಎಂಬ ಹೋಬಳಿ ಕೇಂದ್ರವಿದೆ. ಸುತ್ತಮುತ್ತ ಬಂಡೆಗಳಿಂದ ಕೂಡಿದ ಗುಡ್ಡಗಳು, ಗುಡ್ಡಗಳ ಇಳಿಜಾರಿನಲ್ಲಿ ಕೆರೆಗಳು, ಕೆರೆಗಳ ಆಚೀಚೆ ರಾಗಿ, ಕಡಲೆಕಾಯಿ ಮತ್ತು ಹಿಪ್ಪುನೇರಳೆಯ ಹೊಲತೋಟಗಳು. ವರ್ಷವಿಡೀ ಹರಿಯುವ ನದಿ ಈ ಸೀಮೆಯಲ್ಲಿ ಒಂದೂ ಇಲ್ಲ. ಗುಡ್ಡದ ಮೇಲೆ ಬಿದ್ದ ಮಳೆ ಕಾಲುವೆಗಳಲ್ಲಿ ಇಳಿದು ಕೆರೆ ಸೇರಬೇಕು. ಕೆರೆಯ ನೀರು ನೆಲಕ್ಕೆ ಇಂಗಿ ಬಾವಿಗಳಿಗೆ ಒದಗಬೇಕು. ಹೀಗೆ ಈ ಸೀಮೆಯ ಬದುಕು ಗುಡ್ಡದಿಂದ ಕೆರೆಗೆ, ಕೆರೆಯಿಂದ ಹೊಲಕ್ಕೆ ಒಂದು ಸರಪಣಿಯಂತೆ ಹೆಣೆದುಕೊಂಡಿದೆ. ಸರಪಣಿಯ ಒಂದು ಕೊಂಡಿ ಕಳಚಿದರೂ ಉಳಿದವು ನಿಷ್ಪ್ರಯೋಜಕವಾಗುತ್ತವೆ.

ಈ ಸರಪಣಿಯ ಬಹುಭಾಗ ಯಾರೊಬ್ಬರ ಸ್ವತ್ತೂ ಅಲ್ಲ. ಕಂದಾಯದ ದಾಖಲೆಗಳಲ್ಲಿ ಗೋಮಾಳ, ಗುಂಡುತೋಪು, ಕೆರೆ ಅಂಗಳ, ಖರಾಬು ಎಂಬ ಹೆಸರುಗಳನ್ನು ಕಾಣಬಹುದು. ಗೋಮಾಳದಲ್ಲಿ ಊರಿನ ದನಕುರಿಗಳು ಮೇಯುತ್ತವೆ. ಗುಂಡುತೋಪಿನ ನೆರಳಿನಲ್ಲಿ ದಾರಿಹೋಕರು ದಣಿವಾರಿಸಿಕೊಳ್ಳುತ್ತಾರೆ. ‘ಯಾರದೂ ಅಲ್ಲ’ ಎಂದು ತೋರುವ ಈ ನೆಲ ನಿಜವಾಗಿ ಎಲ್ಲರದೂ ಆಗಿದೆ. ಆದುದರಿಂದಲೇ ಅದನ್ನು ಕುರಿತು ಒಂದು ಕಠಿಣವಾದ ಪ್ರಶ್ನೆ ಏಳುತ್ತದೆ. ಇಂತಹ ನೆಲವನ್ನು ಕಾಪಾಡಬೇಕೆಂದೋ, ಅದರ ಬಳಕೆಯನ್ನು ಬದಲಾಯಿಸಬೇಕೆಂದೋ ಸರ್ಕಾರ ಬಯಸಿದಾಗ ಯಾರನ್ನು ಕೇಳಬೇಕು? ಯಾವಾಗ ಕೇಳಬೇಕು? ಹೇಗೆ ಕೇಳಬೇಕು?

ಒಂದು ಗ್ರಾಮಸಭೆಯನ್ನು ಊಹಿಸಿಕೊಳ್ಳೋಣ. ಪಂಚಾಯಿತಿ ಕಚೇರಿಯ ಮುಂದೆ ಶಾಮಿಯಾನ ಹಾಕಿದೆ. ಅಧಿಕಾರಿಯೊಬ್ಬರು ಎದ್ದು ನಿಂತು ಓದುತ್ತಾರೆ: “ಸದರಿ ಪ್ರದೇಶವನ್ನು ಸಂರಕ್ಷಣಾ ಮೀಸಲು ಎಂದು ಘೋಷಿಸಲು ಉದ್ದೇಶಿಸಲಾಗಿದ್ದು, ಆಕ್ಷೇಪಣೆಗಳಿದ್ದಲ್ಲಿ ನಿಗದಿತ ಅವಧಿಯೊಳಗಾಗಿ ಲಿಖಿತ ಮೂಲಕ ಸಲ್ಲಿಸತಕ್ಕದ್ದು.” ಸಭೆ ಮೌನವಾಗಿದೆ. ಹಿಂದಿನ ಸಾಲಿನಿಂದ ವೃದ್ಧ ಕುರಿಗಾಹಿಯೊಬ್ಬನು ಕೈಯೆತ್ತುತ್ತಾನೆ.

“ಸ್ವಾಮಿ, ಅದೆಲ್ಲ ನನಗೆ ತಿಳಿಯೋದಿಲ್ಲ. ನಾಳೆ ನನ್ನ ಕುರಿ ಆ ಗುಡ್ಡಕ್ಕೆ ಹೋಗಬಹುದೋ ಬಾರದೋ? ಅಷ್ಟು ಹೇಳಿ.”

“ಅದನ್ನೆಲ್ಲ ಆಮೇಲೆ ತಿಳಿಸುತ್ತಾರೆ, ಕೂತ್ಕೊಳ್ಳಿ ತಾತ.”

ಮುದುಕನು ಕುಳಿತುಕೊಳ್ಳುತ್ತಾನೆ. ಆದರೆ ಅವನ ಪ್ರಶ್ನೆ ಕುಳಿತುಕೊಳ್ಳುವುದಿಲ್ಲ. ಅದು ಸಭೆಯಿಂದ ಹೊರಟು ಚಹದ ಅಂಗಡಿಗೆ ಹೋಗುತ್ತದೆ, ಸಂತೆಗೆ ಹೋಗುತ್ತದೆ. ಸಂಜೆಯ ವೇಳೆಗೆ “ಗುಡ್ಡಕ್ಕೆ ಬೇಲಿ ಹಾಕುತ್ತಾರಂತೆ” ಎಂಬ ಸುದ್ದಿಯಾಗುತ್ತದೆ. ಮರುದಿನ “ಹೊಲಗಳನ್ನೂ ಕಿತ್ತುಕೊಳ್ಳುತ್ತಾರಂತೆ” ಎಂದು ಬೆಳೆಯುತ್ತದೆ. ಉತ್ತರ ದೊರೆಯದ ಪ್ರಶ್ನೆ ಭಯವಾಗಿ ಮಾರ್ಪಡುವ ಬಗೆ ಇದು. ಅಧಿಕಾರಿ ಕೆಟ್ಟವರಲ್ಲ, ಮುದುಕನು ದಡ್ಡನೂ ಅಲ್ಲ. ಕೆಡುಕೆಲ್ಲ ಇರುವುದು ‘ಆಮೇಲೆ’ ಎಂಬ ಒಂದು ಮಾತಿನಲ್ಲಿ. ಜನರ ಅಭಿಪ್ರಾಯವನ್ನು ಕೇಳುವುದೆಂದರೆ, ಹೇಳಬೇಕಾದುದನ್ನು ಮೊದಲು ಹೇಳಿ, ಕೇಳಬೇಕಾದುದನ್ನು ಮೊದಲು ಕೇಳಿ, ಅನಂತರ ತೀರ್ಮಾನಿಸುವುದು.

ಇದು ಕೇವಲ ಊಹೆಯ ಮಾತಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ಪ್ರಸಿದ್ಧವಾದ ನಂದಿಬೆಟ್ಟದಲ್ಲಿ ಅರ್ಕಾವತಿ ನದಿ ಹುಟ್ಟುತ್ತದೆ. ಅದು ದೊಡ್ಡಬಳ್ಳಾಪುರದ ಕಡೆಗೆ ಹರಿದು, ಬೆಂಗಳೂರಿನ ವಾಯವ್ಯ ದಿಕ್ಕಿನಲ್ಲಿರುವ ಹೆಸರಘಟ್ಟ ಕೆರೆಯನ್ನು ತಲುಪುತ್ತದೆ. 1890ರ ದಶಕದಲ್ಲಿ, ಕೆ. ಶೇಷಾದ್ರಿ ಅಯ್ಯರ್ ಅವರು ಮೈಸೂರು ಸಂಸ್ಥಾನದ ದಿವಾನರಾಗಿದ್ದ ಕಾಲದಲ್ಲಿ, ಈ ಕೆರೆಯಿಂದ ಬೆಂಗಳೂರಿಗೆ ಕುಡಿಯುವ ನೀರನ್ನು ಒದಗಿಸುವ ಏರ್ಪಾಡಾಯಿತು. ಕೆರೆಯ ಸಮೀಪದಲ್ಲಿ ನೂರಾರು ಎಕರೆ ಹುಲ್ಲುಗಾವಲು ಇಂದಿಗೂ ಉಳಿದುಕೊಂಡಿದೆ. ಚಳಿಗಾಲದಲ್ಲಿ ದೂರದ ಉತ್ತರ ದೇಶಗಳಿಂದ ಗಿಡುಗದ ಜಾತಿಯ ಹಕ್ಕಿಗಳು ಇಲ್ಲಿಗೆ ವಲಸೆ ಬರುತ್ತವೆ. ಮರಗಳಿಲ್ಲದ ನೆಲವನ್ನು ‘ಬಂಜರು’ ಎಂದು ಕರೆಯುವುದು ರೂಢಿ. ಆದರೆ ಹುಲ್ಲುಗಾವಲು ಬಂಜರಲ್ಲ. ಮಳೆನೀರನ್ನು ತಡೆದು ನೆಲಕ್ಕೆ ಇಂಗಿಸುವ, ಹಲವು ಜೀವಿಗಳಿಗೆ ಆಸರೆಯಾಗುವ ಒಂದು ಬಗೆಯ ಸಂಪತ್ತು.

ಈ ಹುಲ್ಲುಗಾವಲನ್ನೂ ಸುತ್ತಲಿನ ಕೆರೆಗಳ ಸರ್ಕಾರಿ ಭೂಮಿಯನ್ನೂ ಸೇರಿಸಿ ಸುಮಾರು 5,000 ಎಕರೆ ಪ್ರದೇಶವನ್ನು ಸಂರಕ್ಷಣಾ ಮೀಸಲು ಎಂದು ಘೋಷಿಸಬೇಕೆಂಬ ಪ್ರಸ್ತಾವನೆ ರಾಜ್ಯ ವನ್ಯಜೀವಿ ಮಂಡಳಿಯ ಮುಂದೆ ಬಂದಿತು. 2021ರ ಜನವರಿಯಲ್ಲಿ ಮಂಡಳಿ ಅದನ್ನು ತಿರಸ್ಕರಿಸಿತು. ಸುತ್ತಲಿನ ಹಳ್ಳಿಗಳ ರೈತರಿಗೆ ಇದರಿಂದ ತೊಂದರೆಯಾಗುತ್ತದೆ ಎಂಬುದು ಆಗ ಕೇಳಿಬಂದ ಮುಖ್ಯವಾದ ಆಕ್ಷೇಪ. ವಿಷಯ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಚರ್ಚೆ ಮುಂದುವರಿಯಿತು. ಕೊನೆಗೆ 2024ರ ಅಕ್ಟೋಬರ್‌ನಲ್ಲಿ ಅದೇ ಮಂಡಳಿ 5,678 ಎಕರೆ ವಿಸ್ತಾರದ ಸಂರಕ್ಷಣಾ ಮೀಸಲಿಗೆ ಅನುಮೋದನೆ ನೀಡಿತು. ತಿರಸ್ಕಾರಕ್ಕೂ ಅನುಮೋದನೆಗೂ ನಡುವೆ ಮೂರು ವರ್ಷಗಳಿಗೂ ಹೆಚ್ಚು ಕಾಲ ಕಳೆದಿತ್ತು.

ಸಂರಕ್ಷಣಾ ಮೀಸಲು ಎಂದರೇನು ಎಂಬುದನ್ನು ಕಾನೂನು ಸ್ಪಷ್ಟವಾಗಿ ಹೇಳಿದೆ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮಕ್ಕೆ 2002ರಲ್ಲಿ ತಿದ್ದುಪಡಿಯಾಗಿ, ಈ ಹೊಸ ವ್ಯವಸ್ಥೆ ಸೇರಿತು. ಅದರ ಪ್ರಕಾರ ಸರ್ಕಾರದ ಒಡೆತನದಲ್ಲಿರುವ ಭೂಮಿಯನ್ನು ಮಾತ್ರ ಸಂರಕ್ಷಣಾ ಮೀಸಲು ಎಂದು ಘೋಷಿಸಬಹುದು. ರೈತರ ಪಟ್ಟಾ ಭೂಮಿ ಅದರೊಳಗೆ ಸೇರುವಂತಿಲ್ಲ. ಘೋಷಿಸುವುದಕ್ಕೆ ಮುಂಚೆ ಸ್ಥಳೀಯ ಸಮುದಾಯಗಳೊಡನೆ ಸಮಾಲೋಚನೆ ನಡೆಸಬೇಕು. ಘೋಷಿಸಿದ ಮೇಲೆ ಅದರ ನಿರ್ವಹಣೆಗೆ ಸಲಹೆ ನೀಡುವ ಸಮಿತಿಯಲ್ಲಿ ಆ ವ್ಯಾಪ್ತಿಯ ಪ್ರತಿಯೊಂದು ಗ್ರಾಮ ಪಂಚಾಯಿತಿಯ ಪ್ರತಿನಿಧಿಯೂ ಇರಬೇಕು. ಹೀಗೆ ಊರಿನವರ ಮಾತಿಗೆ ಮೊದಲೂ ಕೊನೆಯೂ ಸ್ಥಾನವಿದೆ. ಇಷ್ಟನ್ನು ಪ್ರತಿಯೊಂದು ಹಳ್ಳಿಯ ಅರಳಿಕಟ್ಟೆಯ ಬಳಿ, ಜನರಾಡುವ ಮಾತಿನಲ್ಲಿ, ನಕ್ಷೆಯನ್ನು ಹರಡಿ ಆರಂಭದಲ್ಲೇ ವಿವರಿಸಿದರೆ, ಭಯಕ್ಕೆ ಎಡೆ ಎಷ್ಟು ಉಳಿದೀತು? ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಸರ್ಕಾರಗಳಿಗೂ ಅನ್ವಯಿಸುತ್ತದೆ.

ಹಾಗೆಂದು ರೈತರ ಆತಂಕಗಳೆಲ್ಲ ಅಜ್ಞಾನದ ಫಲವೆಂದು ತಿಳಿಯುವುದು ತಪ್ಪು. ರಕ್ಷಣೆಯ ಕಾನೂನುಗಳಲ್ಲಿ ಹಲವು ಬಗೆಗಳಿವೆ. ರಾಷ್ಟ್ರೀಯ ಉದ್ಯಾನಗಳ ಸುತ್ತ ಘೋಷಿಸುವ ಪರಿಸರ ಸೂಕ್ಷ್ಮ ವಲಯದಲ್ಲಿ ಖಾಸಗಿ ಭೂಮಿಯೂ ಸೇರುತ್ತದೆ. ಅಲ್ಲಿ ಕೆಲವು ಉದ್ಯಮಗಳಿಗೂ ಕಟ್ಟಡಗಳಿಗೂ ನಿರ್ಬಂಧಗಳುಂಟು. ತಮ್ಮ ಊರಿಗೆ ಬಂದಿರುವುದು ಯಾವ ಬಗೆಯ ಕಾನೂನು ಎಂದು ಕೇಳುವ ಹಕ್ಕು ರೈತನಿಗಿದೆ. ಇನ್ನೊಂದು ಕಡೆ, ಆಲಿಸುವುದೆಂದರೆ ಪ್ರತಿಯೊಂದು ಕೋರಿಕೆಗೂ ತಲೆದೂಗುವುದಲ್ಲ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಸುತ್ತಲಿನ ಸೂಕ್ಷ್ಮ ವಲಯ 2016ರ ಕರಡಿನಲ್ಲಿ ಸುಮಾರು 269 ಚದರ ಕಿಲೋಮೀಟರ್ ಇದ್ದುದು, 2018ರ ಕರಡಿನಲ್ಲಿ ಸುಮಾರು 169 ಚದರ ಕಿಲೋಮೀಟರಿಗೆ ಇಳಿಯಿತು. ಇದನ್ನು ವಿರೋಧಿಸಿ ಅನೇಕ ನಾಗರಿಕರು ಆಕ್ಷೇಪಣೆಗಳನ್ನು ಸಲ್ಲಿಸಿದರು. ಆದರೆ 2020ರ ಅಂತಿಮ ಅಧಿಸೂಚನೆಯಲ್ಲಿ ಉಳಿದದ್ದು ಆ ಚಿಕ್ಕ ವಿಸ್ತಾರವೇ. ಮಾತನಾಡಿದವರ ಮಾತೆಲ್ಲ ನಡೆಯುವುದಿಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಹಾಗೆಯೇ ಒಂದು ಮಾತನ್ನು ಒಪ್ಪದಿದ್ದಾಗ, ಏಕೆ ಒಪ್ಪಲಿಲ್ಲ ಎಂದು ಕಾರಣ ಹೇಳುವುದು ಆಳುವವರ ಕರ್ತವ್ಯವೆಂಬುದೂ ತಿಳಿಯುತ್ತದೆ. ಕಾರಣ ತಿಳಿದವನು ಸೋತರೂ ಸಮಾಧಾನ ಹೊಂದಬಲ್ಲನು. ಕಾರಣ ತಿಳಿಯದವನು ಮುಂದಿನ ಸಭೆಗೆ ಬರುವುದೇ ಇಲ್ಲ.

ಕೇಳುವ ಭಾಷೆಯ ಪ್ರಶ್ನೆಯೂ ಇಲ್ಲಿ ಮುಖ್ಯವಾದುದು. 2020ರಲ್ಲಿ ಕೇಂದ್ರ ಸರ್ಕಾರವು ಪರಿಸರ ಪರಿಣಾಮ ಮೌಲ್ಯಮಾಪನವನ್ನು ಕುರಿತ ಹೊಸ ಕರಡು ಅಧಿಸೂಚನೆಯನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯವನ್ನು ಕೋರಿತು. ಯೋಜನೆಗಳ ಬಗ್ಗೆ ಜನರು ಪ್ರತಿಕ್ರಿಯಿಸಲು ಇದ್ದ 30 ದಿನಗಳ ಅವಧಿಯನ್ನು 20 ದಿನಗಳಿಗೆ ಇಳಿಸುವ ಅಂಶವೂ ಆ ಕರಡಿನಲ್ಲಿತ್ತು. ದೇಶವೆಲ್ಲ ಸಾಂಕ್ರಾಮಿಕ ರೋಗದ ಭೀತಿಯಿಂದ ಬಾಗಿಲು ಮುಚ್ಚಿ ಕುಳಿತಿದ್ದ ಕಾಲವದು. ಕರಡು ಇದ್ದುದು ಇಂಗ್ಲಿಷ್ ಮತ್ತು ಹಿಂದಿ ಭಾಷೆಗಳಲ್ಲಿ ಮಾತ್ರ. ಆ ವರ್ಷದ ಜೂನ್ 30ರಂದು ದೆಹಲಿಯ ಉಚ್ಚ ನ್ಯಾಯಾಲಯವು ಅಭಿಪ್ರಾಯ ಸಲ್ಲಿಸುವ ಅವಧಿಯನ್ನು ಆಗಸ್ಟ್ 11ರವರೆಗೆ ವಿಸ್ತರಿಸಿ, ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ 22 ಭಾಷೆಗಳಿಗೂ ಕರಡನ್ನು ಅನುವಾದಿಸಬೇಕೆಂದು ಆದೇಶಿಸಿತು. ಆಗಸ್ಟ್ ತಿಂಗಳಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಸಾಕಷ್ಟು ಪ್ರಚಾರ ದೊರೆತಿಲ್ಲವೆಂಬ ಕಾರಣದಿಂದ ಅಂತಿಮ ಅಧಿಸೂಚನೆ ಹೊರಡಿಸದಂತೆ ತಾತ್ಕಾಲಿಕವಾಗಿ ತಡೆಯಿತು. ಓದಲಾಗದ ಭಾಷೆಯಲ್ಲಿ ಕೇಳಿದ ಪ್ರಶ್ನೆ ಪ್ರಶ್ನೆಯೇ ಅಲ್ಲ ಎಂಬ ಸರಳವಾದ ಸತ್ಯ ಈ ಆದೇಶಗಳ ಹಿಂದಿದೆ.

ಸಾದಲಿಯಂತಹ ಗಡಿಸೀಮೆಯಲ್ಲಿ ಈ ಸತ್ಯಕ್ಕೆ ಇನ್ನೂ ಹೆಚ್ಚಿನ ಅರ್ಥವಿದೆ. ಇಲ್ಲಿ ಅನೇಕ ಮನೆಗಳ ಮಾತು ತೆಲುಗು. ಶಾಲೆಯ ಮತ್ತು ಕಚೇರಿಯ ಭಾಷೆ ಕನ್ನಡ. ಶಿಡ್ಲಘಟ್ಟದ ರೇಷ್ಮೆಯ ವ್ಯಾಪಾರದಲ್ಲಿ ಉರ್ದುವೂ ಕೇಳಿಬರುತ್ತದೆ. ಪ್ರಕಟಣೆ ಕನ್ನಡದಲ್ಲಿದ್ದರೂ ಅದು ‘ಸದರಿ’, ‘ಮೇಲ್ಕಂಡ’, ‘ಸಲ್ಲಿಸತಕ್ಕದ್ದು’ ಎಂಬ ಕಚೇರಿಯ ಕನ್ನಡವಾಗಿದ್ದರೆ, ಕುರಿ ಕಾಯುವ ಮುದುಕನಿಗೆ ಅದು ಇಂಗ್ಲಿಷಿನಷ್ಟೇ ದೂರ. ಇಂತಹ ಮನೆಗಳಲ್ಲಿ ಒಂಬತ್ತನೆಯ ತರಗತಿಯ ಬಾಲಕ ಬಾಲಕಿಯರೇ ಎಷ್ಟೋ ವೇಳೆ ಕಾಗದ ಓದಿ ಹೇಳುವವರು. ಪಂಚಾಯಿತಿಯ ಫಲಕದ ಮೇಲೆ ಅಂಟಿಸಿದ ಪ್ರಕಟಣೆಯನ್ನು ಓದಿ, ಅಜ್ಜ ಅಜ್ಜಿಯರಿಗೆ ಮನೆಯ ಮಾತಿನಲ್ಲಿ ತಿಳಿಸುವ ಹುಡುಗಿ ಪ್ರಜಾಪ್ರಭುತ್ವದ ಬಹು ದೊಡ್ಡ ಕೆಲಸವನ್ನೇ ಮಾಡುತ್ತಿರುತ್ತಾಳೆ.

ಜನರಿಗೂ ಇಲ್ಲಿ ಕರ್ತವ್ಯವಿದೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961ರ ಪ್ರಕಾರ ಒಂದು ಪ್ರದೇಶದ ಮಹಾಯೋಜನೆಯನ್ನು ಪ್ರಕಟಿಸಿದಾಗ ಸಾರ್ವಜನಿಕರು ಅಭಿಪ್ರಾಯ ತಿಳಿಸಲು 60 ದಿನಗಳ ಅವಕಾಶವಿದೆ. ಆ ಅವಧಿಯಲ್ಲಿ ಸುಮ್ಮನಿದ್ದು, ಅದು ಮುಗಿದ ಮೇಲೆ ರಸ್ತೆಗಿಳಿದು ಕೂಗುವುದರಿಂದ ಫಲ ಕಡಿಮೆ. ಆಕ್ಷೇಪಣೆಯನ್ನು ಬರೆಯುವುದು ಕಷ್ಟದ ವಿದ್ಯೆಯೇನಲ್ಲ. ಸ್ಥಳ ಯಾವುದು, ಸರ್ವೆ ನಂಬರ್ ಯಾವುದು ಎಂದು ನಿಖರವಾಗಿ ಹೇಳಬೇಕು. ಯೋಜನೆಯ ಯಾವ ಅಂಶಕ್ಕೆ ಒಪ್ಪಿಗೆ, ಯಾವುದಕ್ಕೆ ವಿರೋಧ ಎಂದು ಬೇರೆಬೇರೆಯಾಗಿ ತಿಳಿಸಬೇಕು. ಕಾರಣ ಕೊಡಬೇಕು, ಸಾಧ್ಯವಾದರೆ ಬದಲಿ ದಾರಿಯನ್ನೂ ಸೂಚಿಸಬೇಕು. ದಿನಾಂಕ ಹಾಕಿ, ಸಹಿ ಮಾಡಿ, ಸ್ವೀಕೃತಿ ಪಡೆದು ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. “ನಮಗೆ ಇದು ಬೇಡ” ಎಂಬ ಒಂದು ಸಾಲಿಗಿಂತ, “ಈ ಕಾಲುವೆ ಮುಚ್ಚಿದರೆ ಕೆಳಗಿನ ಕೆರೆಗೆ ನೀರು ಬರುವುದಿಲ್ಲ” ಎಂಬ ಒಂದು ಸಾಲಿಗೆ ಹೆಚ್ಚು ಬೆಲೆಯಿದೆ.

ಊರಿನ ಅನುಭವವನ್ನು ಮುಂಚಿತವಾಗಿ ದಾಖಲಿಸುವುದಕ್ಕೂ ಕಾನೂನಿನಲ್ಲಿ ದಾರಿಯಿದೆ. 2002ರ ಜೀವವೈವಿಧ್ಯ ಅಧಿನಿಯಮದಂತೆ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಬೇಕು. ಆ ಸಮಿತಿ ಊರಿನವರನ್ನು ಕೇಳಿ, ಅಲ್ಲಿನ ಗಿಡಮರ, ಪ್ರಾಣಿಪಕ್ಷಿ, ಔಷಧಿಯ ಸೊಪ್ಪು, ಬಿತ್ತನೆಯ ತಳಿ ಮುಂತಾದ ವಿವರಗಳನ್ನು ಜನತಾ ಜೀವವೈವಿಧ್ಯ ದಾಖಲೆಯಲ್ಲಿ ಬರೆಯಿಸಬೇಕು. ಯಾವ ಗುಡ್ಡದಲ್ಲಿ ನವಿಲು ಮೊಟ್ಟೆಯಿಡುತ್ತದೆ, ಯಾವ ಕಾಲುವೆಯ ನೀರು ಯಾವ ಕೆರೆಗೆ ಹೋಗುತ್ತದೆ ಎಂಬುದು ದೂರದ ಕಚೇರಿಯ ನಕ್ಷೆಗಿಂತ ಕುರಿಗಾಹಿಗೆ ಚೆನ್ನಾಗಿ ಗೊತ್ತು. ಅವನ ತಿಳಿವಳಿಕೆ ಕಾಗದಕ್ಕೆ ಇಳಿಯದಿದ್ದರೆ, ಅವನೊಂದಿಗೇ ಮಣ್ಣುಪಾಲಾಗುತ್ತದೆ.

ಜನರು ಮನಸ್ಸು ಮಾಡಿದರೆ ರಕ್ಷಣೆ ಹೊರೆಯಾಗುವುದಿಲ್ಲ ಎಂಬುದಕ್ಕೆ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಸಾಕ್ಷಿಯಾಗಿದೆ. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುವುದು ಊರಿನೊಳಗಿನ ಮರಗಳಲ್ಲಿ, ಮನೆಗಳ ಹಿತ್ತಿಲಲ್ಲಿ. ಅವುಗಳನ್ನು ಊರಿನವರು ತಲೆಮಾರುಗಳಿಂದ ತಮ್ಮವೆಂದೇ ಕಾಪಾಡಿಕೊಂಡು ಬಂದಿದ್ದಾರೆ. 2007ರಲ್ಲಿ ಆ ಸ್ಥಳ ಸಮುದಾಯ ಮೀಸಲು ಎಂದು ಘೋಷಿತವಾಯಿತು. ಅಲ್ಲಿ ಕಾನೂನು ಬಂದದ್ದು ಜನರ ಪ್ರೀತಿಯ ಹಿಂದೆ.

ಪ್ರಪಂಚದ ಇತರ ದೇಶಗಳೂ ಇದೇ ಪಾಠವನ್ನು ಕಲಿತಿವೆ. 1998ರಲ್ಲಿ ಡೆನ್ಮಾರ್ಕ್ ದೇಶದ ಆರ್ಹುಸ್ ನಗರದಲ್ಲಿ ಯೂರೋಪಿನ ಹಲವು ರಾಷ್ಟ್ರಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಪರಿಸರಕ್ಕೆ ಸಂಬಂಧಿಸಿದ ಮಾಹಿತಿ ಪಡೆಯುವ, ತೀರ್ಮಾನಗಳಲ್ಲಿ ಭಾಗವಹಿಸುವ, ಅನ್ಯಾಯವಾದಾಗ ನ್ಯಾಯಾಲಯಕ್ಕೆ ಹೋಗುವ ಮೂರು ಹಕ್ಕುಗಳನ್ನು ಅದು ಜನರಿಗೆ ಒಪ್ಪಿಸುತ್ತದೆ. ಸಾದಲಿಯ ಕುರಿಗಾಹಿ ಆ ಒಪ್ಪಂದದ ಹೆಸರನ್ನು ಕೇಳಿರಲಾರನು. ಆದರೆ ಅವನು ಕೇಳುವುದೂ ಅದನ್ನೇ.

ಆ ಗ್ರಾಮಸಭೆಯನ್ನು ಮತ್ತೊಮ್ಮೆ ಊಹಿಸಿಕೊಳ್ಳೋಣ. ಮುದುಕನು ಅದೇ ಪ್ರಶ್ನೆಯನ್ನು ಕೇಳುತ್ತಾನೆ. ಈ ಸಲ ಅಧಿಕಾರಿ ಕಾಗದವನ್ನು ಮಡಿಸಿಟ್ಟು, ನಕ್ಷೆಯನ್ನು ನೆಲದ ಮೇಲೆ ಹರಡಿ, “ಬನ್ನಿ ತಾತ, ನಿಮ್ಮ ಕುರಿ ಯಾವ ದಾರಿಯಲ್ಲಿ ಹೋಗುತ್ತದೆ, ನೀವೇ ತೋರಿಸಿ” ಎನ್ನುತ್ತಾರೆ. ಮುದುಕನು ಕೋಲನ್ನು ಪಕ್ಕಕ್ಕಿಟ್ಟು, ನಕ್ಷೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಬೆರಳಿನಿಂದ ಒಂದು ಗೆರೆ ಎಳೆಯುತ್ತಾನೆ. ಗುಡ್ಡವನ್ನು ಕಾಪಾಡುವ ಕೆಲಸ ಆ ಗೆರೆಯಿಂದ ಆರಂಭವಾಗುತ್ತದೆ.